ಎಡಕ್ಕೆ ಎಳೆಯುವ ಗಾಡಿ ಮತ್ತು ನಮ್ಮ ಭಾವ

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುವುದು ಮನೆಯವರನ್ನಲ್ಲ, ಅವರ ಕಾರಿನ ಮುಂದಿನ ಎರಡು ಟೈರುಗಳನ್ನು. ಬಣ್ಣ ಹಚ್ಚಿ ಹೇಳುತ್ತಿದ್ದೇನೆ ಅನ್ನಿಸಿದರೆ ಒಮ್ಮೆ ಅವರನ್ನು ಊಟಕ್ಕೆ ಕರೆದು ನೋಡಿ. ನೀವು ಮೂರನೆಯ ಮಾಳಿಗೆಯ ಬಾಲ್ಕನಿಯಲ್ಲಿ ನಿಂತು ಕೈ ಬೀಸುತ್ತಿರುತ್ತೀರಿ. ಅವರು ಕೆಳಗೆ ಪಾರ್ಕಿಂಗಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ನಾಡಿ ನೋಡುವ ವೈದ್ಯರ ಮುಖ ಮಾಡಿಕೊಂಡು, ನಿಮ್ಮ ಟೈರಿನ ಒಳ ಅಂಚನ್ನು ಅಂಗೈಯಿಂದ ಸವರುತ್ತಿರುತ್ತಾರೆ. ಮೇಲೆ ಬಂದು, ನೀರು ಕುಡಿದು, ಲೋಟವನ್ನು ಮೇಜಿನ ಅಂಚಿಗೆ ಸಮನಾಗಿ ಇಟ್ಟು, ಆಮೇಲೆ ಮೆಲ್ಲಗೆ ಹೇಳುತ್ತಾರೆ: "ಎಡಗಡೆದು ಒಳಗಿಂದ ತಿಂತಾ ಉಂಟು. ಅಲೈನ್‌ಮೆಂಟ್ ಮಾಡಿಸಿ ಎಷ್ಟು ಸಮಯ ಆಯ್ತು?" ಅಲೈನ್‌ಮೆಂಟ್ ಎಂದರೆ ಓರೆಯಾದ ಚಕ್ರಗಳನ್ನು ನೇರಕ್ಕೆ ಕೂರಿಸುವುದು. ಮಕ್ಕಳು ಹೇಗಿದ್ದಾರೆ, ರಕ್ತದೊತ್ತಡ ಹೇಗಿದೆ ಎಂಬುದೆಲ್ಲ ಅದರ ನಂತರ. ನಿಮ್ಮ ಬಳಿ ಕಾರೇ ಇಲ್ಲವಾದರೆ? ಪಾಪ, ಆಗ ಅವರು ಸ್ವಲ್ಪ ಮಂಕಾಗುತ್ತಾರೆ. ಮಗುವಿನ ಮೂರು ಗಾಲಿಯ ಸೈಕಲ್ಲಾದರೂ ಇದೆಯೇ ಎಂದು ಮೂಲೆ ಮೂಲೆ ನೋಡುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿಯ ಕಡೆಯವರು. ಮುಂಬೈಗೆ ಬಂದ ನಮ್ಮ ಕಡೆಯವರೆಲ್ಲ ಹೋಟೆಲಿಗೆ ಸೇರಿದರೆ ಇವರು ಮಾತ್ರ ಟ್ಯಾಕ್ಸಿ ಹಿಡಿದರು. ಕಪ್ಪು-ಹಳದಿ ಟ್ಯಾಕ್ಸಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಈ ಊರನ್ನು ಸುತ್ತಿ, ಈಗ ಟ್ಯಾಕ್ಸಿ ಮಾರಿ ಮನೆಯಲ್ಲಿದ್ದಾರೆ. ಅಷ್ಟು ಸುತ್ತಿದ ಮನುಷ್ಯನಿಗೆ ಲೋಕದ ಬಗ್ಗೆ ಒಂದಿಷ್ಟು ಅಭಿಪ್ರಾಯಗಳು ಇರಬೇಕಲ್ಲ? ಇಲ್ಲ. ಸರಕಾರ, ಕ್ರಿಕೆಟ್ಟು, ನೆಂಟರ ಜಗಳ, ಯಾವುದರ ಬಗ್ಗೆಯೂ ಅವರು ಬಾಯಿ ಬಿಡುವುದಿಲ್ಲ. ಅವರಿಗೆ ಇರುವುದು ಒಂದೇ ಅಭಿಪ್ರಾಯ: ಗಾಡಿ ನೇರ ಹೋಗಬೇಕು.

ಈ ಒಂದು ಅಭಿಪ್ರಾಯದಿಂದ ನಮ್ಮ ಕುಟುಂಬ ಪಟ್ಟ ಪಾಡು ಅಷ್ಟಿಷ್ಟಲ್ಲ. ನನ್ನ ಮಗಳನ್ನು ನೋಡಲು ಹುಡುಗನ ಕಡೆಯವರು ಬಂದ ದಿನ, ಎಲ್ಲರೂ ಹಾಲ್‌ನಲ್ಲಿ ಕುಳಿತು ಕಾಫಿ ಕುಡಿಯುತ್ತಿರುವಾಗ, ಭಾವ ಕೆಳಗಿನಿಂದ ಬಂದವರೇ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಈ ಹುಡುಗ ಬೇಡ ಮಾರಾಯ."

"ಯಾಕೆ ಭಾವ? ಕುಡೀತಾನಾ?"

"ಅದು ನಂಗೆ ಗೊತ್ತಿಲ್ಲ. ಕೆಳಗೆ ಅವನ ಗಾಡಿ ಉಂಟಲ್ಲ, ಎರಡೂ ಟೈರು ಒಳಗಿಂದ ಬೋಳು. ಆರು ತಿಂಗಳಿಂದ ಗಾಡಿ ಒಂದು ಬದಿಗೆ ಎಳೀತಿರಬೇಕು. ಗಾಡಿ ಹೇಳಿದ್ದು ಆರು ತಿಂಗಳು ಕೇಳದವ ನಿನ್ನ ಮಗಳು ಹೇಳಿದ್ದು ಕೇಳ್ತಾನಾ?"

ಮಾತಿನಲ್ಲಿ ಏನೋ ಹುರುಳಿದೆ ಅನ್ನಿಸಿತು. ಉಪಾಯವಾಗಿ ಹೊರಗೆ ಹೋಗಿ, ಗಾಡಿಯ ಮಾತು ತೆಗೆದೆ. ಹುಡುಗ ರಿಕ್ಷಾದಲ್ಲಿ ಬಂದಿದ್ದ. ಕೆಳಗಿದ್ದ ಕಾರು ಈ ಸಂಬಂಧ ತಂದ ಪುರೋಹಿತರದು. ಮದುವೆ ಆಯಿತು, ಮಗಳು ಅಳಿಯ ಚೆನ್ನಾಗಿದ್ದಾರೆ. ಆದರೆ ಆ ಪುರೋಹಿತರನ್ನು ಮಾತ್ರ ಭಾವ ಅಂದಿನಿಂದ ನಮ್ಮ ಯಾವ ಕಾರ್ಯಕ್ಕೂ ಕರೆಯಲು ಬಿಟ್ಟಿಲ್ಲ.

ಇನ್ನು ನನ್ನ ವಿಷಯ ಎರಡು ಮಾತು ಹೇಳಬೇಕು, ಏಕೆಂದರೆ ಮುಂದೆ ಹೇಳುವ ತಪ್ಪು ನನ್ನದು. ಹದಿನಾಲ್ಕನೆಯ ವಯಸ್ಸಿಗೆ ವಿಲೆ ಪಾರ್ಲೆಯ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯಲು ಸೇರಿದವನು ನಾನು. ಈಗ ಅದೇ ರಸ್ತೆಯಲ್ಲಿ ಹೋಟೆಲಿನವರಿಗೆ ಬೇಕಾದ ಪಾತ್ರೆಪಗಡಗಳ ನನ್ನದೇ ಅಂಗಡಿ ಇದೆ. ಈ ದೂರವನ್ನು ನಾನು ಕ್ರಮಿಸಿದ್ದು ವಿದ್ಯೆಯಿಂದಲ್ಲ, ಚೌಕಾಸಿಯಿಂದ. ಚೌಕಾಸಿಗೆ ಕೆಲವು ನಿಯಮಗಳಿವೆ, ಬೇಕಾದರೆ ಬರೆದಿಟ್ಟುಕೊಳ್ಳಿ. ಬೇಕಾದ ವಸ್ತುವನ್ನು ಮೊದಲು ಮುಟ್ಟಬೇಡಿ. ಬೇಡದ್ದನ್ನು ಎತ್ತಿ ನೋಡಿ ಕೆಳಗಿಡಿ. ಚಹಾ ತರಿಸಿದರೆ ಕುಡಿಯಿರಿ, ಆದರೆ ಹೊಗಳಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು: ಯಾವ ಬಿಲ್ಲಿನಲ್ಲಾದರೂ ಕೊನೆಯ ಸಾಲನ್ನು ಹೊಡೆದುಹಾಕಿ. ಏನೆಂದು ಓದುವ ಅಗತ್ಯವೂ ಇಲ್ಲ. ಬಿಲ್ಲು ಬರೆಯುವವನು ಕೊನೆಯ ಸಾಲನ್ನು ಬರೆಯುವುದೇ ಗಿರಾಕಿ ಹೊಡೆದುಹಾಕಿ ಸಂತೋಷಪಡಲಿ ಎಂದು. ನಾನೂ ನನ್ನ ಅಂಗಡಿಯಲ್ಲಿ ಹಾಗೆಯೇ ಬರೆಯುವುದು. ಇಷ್ಟು ವರ್ಷದಲ್ಲಿ ಈ ನಿಯಮ ನನಗೆ ಕೈಕೊಟ್ಟದ್ದು ಒಂದೇ ಸಲ.

ಕಳೆದ ಮಳೆಗಾಲಕ್ಕೆ ಸ್ವಲ್ಪ ಮೊದಲು ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಎಂಥ ಗಂಟು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆಪರೇಷನ್ ಆಯಿತು. ಆಮೇಲೆ ಆರು ವಾರ ರೇಡಿಯೇಷನ್ ಆಗಬೇಕು, ಸೋಮವಾರದಿಂದ ಶುಕ್ರವಾರದವರೆಗೆ ದಿನವೂ, ಬೆಳಿಗ್ಗೆ ಹನ್ನೊಂದೂವರೆಗೆ, ನಡುವೆ ತಪ್ಪಿಸುವಂತಿಲ್ಲ ಎಂದು ಡಾಕ್ಟರು ಹೇಳಿದರು. ಅಕ್ಕ-ಭಾವ ಇರುವುದು ಮುಂಬೈಯ ಉತ್ತರದ ತುದಿಯ ಬೊರಿವಲಿಯಲ್ಲಿ. ಆಸ್ಪತ್ರೆ ದಾದರ್ ದಾಟಿ ಆಚೆ. ಬೆಳಗಿನ ಹೊತ್ತಿನ ಲೋಕಲ್ ರೈಲಿನಲ್ಲಿ ಗಟ್ಟಿಮುಟ್ಟಾದವರ ಪಕ್ಕೆಲುಬುಗಳೇ ಒಂದಕ್ಕೊಂದು ತಾಗುತ್ತವೆ. ಹೊಲಿಗೆ ಇನ್ನೂ ಹಸಿಯಾಗಿದ್ದ ಹೆಂಗಸನ್ನು ಅದರಲ್ಲಿ ನೂಕಲು ಆಗುತ್ತದೆಯೇ? ಹಾಗಾಗಿ ಒಂದು ಸಣ್ಣ ಸೆಕೆಂಡ್‌ಹ್ಯಾಂಡ್ ಕಾರು ತೆಗೆದುಕೊಳ್ಳುವುದು ಎಂದಾಯಿತು. ಬಣ್ಣ ಆರಿಸಿದವಳು ಅಕ್ಕ, ಬೆಲೆ ಇಳಿಸಿದವನು ನಾನು, ಗಾಡಿಯ ಅಡಿಗೆ ನುಗ್ಗಿ ಒಂದು ಗಂಟೆ ಹೊರಗೆ ಬರದವರು ಭಾವ. ಮಾರುವವನಿಗೆ ಕೊನೆಗೆ ಅನುಮಾನ ಬಂದು, "ಅಂಕಲ್ ಅಲ್ಲೇ ನಿದ್ದೆ ಹೋದರಾ ನೋಡಿ" ಎಂದು ನನಗೆ ಹೇಳಿದ.

ಅಕ್ಕ ಧೈರ್ಯದ ಹೆಂಗಸು ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಆಪರೇಷನ್ನಿಗೆ ಹೋಗುವಾಗಲೂ ಗ್ಯಾಸ್ ಬಂದ್ ಮಾಡಿದ್ದೀರಾ ಎಂದು ಕೇಳಿಕೊಂಡು ಹೋದವಳು. ಆದರೆ ಆ ರೇಡಿಯೇಷನ್ ಕೋಣೆ ಅವಳಿಗೆ ಆಗಲಿಲ್ಲ. ದಪ್ಪ ಬಾಗಿಲು ಹಾಕಿ ಎಲ್ಲರೂ ಹೊರಗೆ ಬರುತ್ತಾರಲ್ಲ, ಅದು. ನೋವೇನೂ ಇರುವುದಿಲ್ಲವಂತೆ. "ಆದ್ರೆ ಒಳಗೆ ನಾನೊಬ್ಬಳೇ ಮಾರಾಯ" ಎಂದು ಮೊದಲನೆಯ ದಿನ ನನಗೆ ಹೇಳಿದಳು. ಅಷ್ಟೇ ಹೇಳಿದ್ದು. ಎರಡನೆಯ ದಿನ ಮನೆಯಿಂದ ಹೊರಡುವಾಗ ಅವಳಿಗೆ ವಾಂತಿಯಾಯಿತು. ಆರು ವಾರ ಮುಗಿಸುತ್ತಾಳೋ, ನಡುವೆ ಎಲ್ಲಿಯಾದರೂ ಸಾಕು ಎಂದುಬಿಡುತ್ತಾಳೋ ಎಂಬುದೇ ನಮ್ಮೆಲ್ಲರ ಚಿಂತೆಯಾಯಿತು. ಒಮ್ಮೆ ಬೇಡ ಎಂದರೆ ಅವಳನ್ನು ಒಪ್ಪಿಸುವ ಚೌಕಾಸಿ ನನಗೂ ಗೊತ್ತಿಲ್ಲ.

ಭಾವ ಮಾತ್ರ ಆಸ್ಪತ್ರೆಗೂ ತಮ್ಮ ಅಭಿಪ್ರಾಯವನ್ನು ಜೊತೆಯಲ್ಲೇ ತಂದರು. ಮೊದಲ ವಾರ ನಾನೂ ಜೊತೆಗಿದ್ದೆ. ವಾರ್ಡಿನವನು ಅಕ್ಕನಿಗೆ ಗಾಲಿಕುರ್ಚಿ ತಂದ. ಅಕ್ಕ ಕುಳಿತುಕೊಳ್ಳುವ ಮೊದಲೇ ಭಾವ ಅದನ್ನು ಕಾರಿಡಾರಿನಲ್ಲಿ ಬರಿದೇ ತಳ್ಳಿ ಬಿಟ್ಟು ನೋಡಿದರು. ಅದು ಹತ್ತು ಹೆಜ್ಜೆ ಹೋಗಿ ಗೋಡೆಯ ಕಡೆ ತಿರುಗಿತು. "ಇದು ಬಲಕ್ಕೆ ಎಳೀತದೆ. ಬೇರೆ ತಾ" ಎಂದರು. ಎರಡನೆಯದೂ ಆಗಲಿಲ್ಲ. ಮೂರನೆಯದು ತಂದ ವಾರ್ಡಿನವನು ಸೊಂಟಕ್ಕೆ ಕೈಯಿಟ್ಟು ನಿಂತು, "ಕಾಕಾ, ತಾಯಿಯನ್ನು ರೇಡಿಯೇಷನ್ ಕೋಣೆಗೆ ಒಯ್ಯಬೇಕಾ, ಪುಣೆಗಾ?" ಎಂದು ಮರಾಠಿಯಲ್ಲಿ ಕೇಳಿದ. ಅಕ್ಕ ನಕ್ಕಳು. ಆ ವಾರ ಅವಳು ನಕ್ಕದ್ದು ಅದೊಂದೇ ಸಲ.

ಅಲ್ಲಿಯ ಟೆಕ್ನೀಷಿಯನ್ ಒಬ್ಬಳು ಮರಾಠಿ ಹುಡುಗಿ. ಅಕ್ಕನ ಎದೆಯ ಮೇಲೆ ಶಾಯಿಯ ಸಣ್ಣ ಗುರುತುಗಳನ್ನು ಮಾಡಿದ್ದರು. ದಿನವೂ ಅವಳನ್ನು ಮಲಗಿಸಿ, ಗೋಡೆಯಿಂದ ಬೀಳುವ ಬೆಳಕಿನ ಗೆರೆ ಆ ಗುರುತುಗಳ ಮೇಲೆ ಸರಿಯಾಗಿ ಕೂರುವವರೆಗೆ ಸರಿಸಿ ಸರಿಸಿ ನೋಡುತ್ತಾರೆ. ಅದನ್ನು ಅಕ್ಕನಿಂದ ಕೇಳಿ ತಿಳಿದ ಭಾವ, ಆ ಹುಡುಗಿ ಹೊರಗೆ ಬಂದಾಗ ಎದ್ದು ನಿಂತರು. ಸಾಮಾನ್ಯವಾಗಿ ಅವರು ಯಾರಿಗೂ ಏಳುವವರಲ್ಲ.

"ನಿನ್ನೆ ಸರಿ ಮಾಡಿದ್ದು ಇವತ್ತು ನಡೆಯುವುದಿಲ್ಲವಾ?" ಎಂದು ಹಿಂದಿಯಲ್ಲಿ ಕೇಳಿದರು.

"ಇಲ್ಲ ಕಾಕಾ. ಮನುಷ್ಯ ಒಮ್ಮೆ ಎದ್ದು ಹೋದ ಮೇಲೆ ಮತ್ತೆ ನೋಡಲೇಬೇಕು. ಕೂದಲೆಳೆ ತಪ್ಪಿದರೂ ತಪ್ಪೇ."

ಭಾವ ನನ್ನ ಕಡೆ ತಿರುಗಿದರು. "ಕೇಳಿಸ್ತಾ?" ಎಂದರು, ತಾವು ಮೂವತ್ತು ವರ್ಷದಿಂದ ಹೇಳುತ್ತಿದ್ದುದಕ್ಕೆ ಕೊನೆಗೂ ಒಂದು ಆಸ್ಪತ್ರೆ ಒಪ್ಪಿಗೆ ಕೊಟ್ಟಂತೆ.

ಆಮೇಲೆ ನಾನು ಅಂಗಡಿಗೆ ಮರಳಿದೆ. ಅವರಿಬ್ಬರೇ ಹೋಗಿ ಬರತೊಡಗಿದರು. ಎರಡು ವಾರ ಏನೂ ತೊಂದರೆಯಾಗಲಿಲ್ಲ. ಅಕ್ಕನಿಗೆ ವಾಂತಿಯೂ ನಿಂತಿತು. ಅಭ್ಯಾಸವಾಗಿರಬೇಕು ಅಂದುಕೊಂಡೆ.

ಮೂರನೆಯ ವಾರದ ಶುಕ್ರವಾರ, ಹಿಂತಿರುಗಿ ಬರುವಾಗ, ಮಾಲಾಡಿನ ಹತ್ತಿರ ಮಳೆನೀರು ತುಂಬಿದ ಒಂದು ಹೊಂಡಕ್ಕೆ ಎಡಗಡೆಯ ಮುಂದಿನ ಚಕ್ರ ಇಳಿಯಿತು. ನೀರು ತುಂಬಿದ ಹೊಂಡ ನೋಡಲು ರಸ್ತೆಯ ಹಾಗೆಯೇ ಇರುತ್ತದೆ. ಅದರ ಆಳ ತಿಳಿಯುವುದು ಇಳಿದ ಮೇಲೆ. ಗಾಡಿ ಕಟಕಟ ಎನ್ನುತ್ತ ಹೇಗೋ ಮನೆ ಸೇರಿತು. ಅಕ್ಕನಿಗೆ ಆ ಕುಲುಕಿಗೆ ಹೊಲಿಗೆಯ ಜಾಗ ನೋಯತೊಡಗಿ, ಶನಿವಾರ ಬೆಳಿಗ್ಗೆ ಮಲಗಿಯೇ ಇದ್ದಳು. ಭಾವ ಅವಳನ್ನು ಬಿಟ್ಟು ಏಳುವಂತಿರಲಿಲ್ಲ.

"ಗ್ಯಾರೇಜಿಗೆ ನಾನು ಹೋಗ್ತೇನೆ. ನೀವು ಹೋದರೆ ಅವ ಹೇಳಿದಷ್ಟು ಕೊಟ್ಟು ಬರ್ತೀರಿ" ಎಂದೆ.

"ಹೋಗು. ಆದ್ರೆ ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ತರಬೇಡ."

"ಆಯ್ತು ಭಾವ."

ಗ್ಯಾರೇಜಿನ ಮೇಸ್ತ್ರಿ ವಿಜಯಪುರದ ಕಡೆಯವನು. ಕೆಲಸ ಬಲ್ಲವನು, ಮಾತೂ ಬಲ್ಲವನು. ಸಂಜೆಯ ಹೊತ್ತಿಗೆ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಎಂಬ ತೋಳನ್ನು ಬದಲಿಸಿ, ಕುಲುಕು ತಡೆಯುವ ಶಾಕಪ್ ಬಿಚ್ಚಿ ಹೊಸದು ಕೂಡಿಸಿ, ಕೈ ಒರೆಸಿಕೊಳ್ಳುತ್ತ ಬಂದ. ಬಿಲ್ಲು ನನ್ನ ಕೈಗೆ ಬಂತು. ಪ್ರತಿ ಸಾಲಿಗೂ ನಾವಿಬ್ಬರೂ ಸಾಕಷ್ಟು ಬೆವರು ಸುರಿಸಿದೆವು. ಕೊನೆಯ ಸಾಲಿಗೆ ಬಂದು ನಾನು ಪೆನ್ನು ತೆಗೆದೆ.

"ಅದನ್ನ ಹೊಡೀಬ್ಯಾಡ್ರಿ ಸಾವಕಾರ್ರ" ಎಂದ ಅವನು. "ಅದು ಅಲೈನ್‌ಮೆಂಟಿಂದು. ನಂದಲ್ಲ, ಟೈರಿನ ಅಂಗಡಿಯವಂದು. ಅವನ ಹತ್ರ ಮಷಿನ್ ಐತಿ. ಮುಂದಿಂದು ಬಿಚ್ಚಿ ಕೂಡಿಸೇವಿ ಅಂದ ಮ್ಯಾಲ ಮಾಡಿಸ್ಲೇಬೇಕ್ರಿ."

"ಹೊಸ ಸಾಮಾನು ಹಾಕಿದ್ದು ಹೌದಲ್ಲ? ಹೊಸದು ಸೊಟ್ಟ ಇರ್ತದಾ?"

"ಸಾಮಾನು ಸೊಟ್ಟ ಇರಂಗಿಲ್ರಿ. ಕೂಡಿಸಿದ ಜಾಗಾ ಒಂದ್ ಎಳಿ ಆಕಡಿ ಈಕಡಿ ಆಗಿರ್ತೈತಿ."

"ಒಂದು ಎಳೆಗೆ ಯಾರು ದುಡ್ಡು ಕೊಡ್ತಾರೆ ಮಾರಾಯ?"

"ಹಜಾಮನಿಗೆ ಕೊಡಂಗಿಲ್ಲೇನ್ರಿ?"

ನಾನು ಟೋಪಿ ತೆಗೆದು ತೋರಿಸಿದೆ. ಅಲ್ಲಿ ಹಜಾಮನಿಗೆ ಕೊಡುವಂಥದ್ದು ಏನೂ ಉಳಿದಿರಲಿಲ್ಲ. ಮೇಸ್ತ್ರಿ ನಕ್ಕುಬಿಟ್ಟ. ನಗಿಸಿದ ಮೇಲೆ ಚೌಕಾಸಿ ಗೆದ್ದ ಹಾಗೆಯೇ, ಇದನ್ನೂ ಬರೆದಿಟ್ಟುಕೊಳ್ಳಿ. ಕೊನೆಯ ಸಾಲಿನ ಮೇಲೆ ಗೆರೆ ಎಳೆದೆ. ನನ್ನ ಲೆಕ್ಕ ಸರಳವಾಗಿತ್ತು: ಗಾಡಿ ಓಡುತ್ತದೆ, ಕಟಕಟ ನಿಂತಿದೆ, ಭಾವನವರ ಹುಚ್ಚಿಗೆ ದುಡ್ಡು ಸುರಿಯಬೇಕೇ? ಬರುವಾಗ ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ ಹಿಡಿದುಕೊಂಡೇ ಬರಬೇಕಾಯಿತು ಎಂಬುದು ನಿಜ. ನನಗೆ ಅದೊಂದು ದೊಡ್ಡ ವಿಷಯ ಅನ್ನಿಸಲಿಲ್ಲ.

ಭಾವ ಬಿಲ್ಡಿಂಗಿನ ಕೆಳಗೆ ಇಳಿದು ಬಂದು, ಗಾಡಿಯಲ್ಲಿ ಕುಳಿತು, ಗೇಟಿನಿಂದ ರಸ್ತೆಯ ಕೊನೆಯವರೆಗೆ ಹೋಗಿ ವಾಪಸು ಬಂದರು. ಇಳಿಯಲಿಲ್ಲ. ಕಿಟಕಿಯಿಂದ ನನ್ನನ್ನು ನೋಡಿದರು.

"ಮಾಡಿಸಿಲ್ಲ ಅಲ್ವಾ?"

"ಭಾವ, ಎಲ್ಲ ಹೊಸ ಸಾಮಾನು..."

"ಎಡಕ್ಕೆ ಎಳೀತದೆ."

"ಸ್ವಲ್ಪ. ಬಲಕ್ಕೆ ಹಿಡ್ಕೊಂಡ್ರೆ ಆಯ್ತು. ಸೋಮವಾರ ಹೇಗೂ ಹೋಗ್ಲೇಬೇಕಲ್ಲ, ಆರು ವಾರ ಮುಗೀಲಿ, ಆಮೇಲೆ ನಿಧಾನಕ್ಕೆ ಮಾಡಿಸುವ."

ಭಾವ ಇಳಿದರು. ಜೇಬಿನಿಂದ ನೂಲಿನ ಉಂಡೆ ತೆಗೆದರು. ಹೌದು, ಅವರ ಜೇಬಿನಲ್ಲಿ ನೂಲಿನ ಉಂಡೆ ಇರುತ್ತದೆ. ನಿಮ್ಮ ಜೇಬಿನಲ್ಲಿ ಕರವಸ್ತ್ರ ಇರುವುದಿಲ್ಲವೇ? ಟ್ಯಾಕ್ಸಿಯ ಕಾಲದಲ್ಲಿ ಅವರೇ ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ನೂಲು ಎಳೆದು ಕಟ್ಟಿ ನೇರ ನೋಡುತ್ತಿದ್ದರಂತೆ. ಈಗಲೂ ಕಟ್ಟಿದರು. ಬಿಲ್ಡಿಂಗಿನ ವಾಚ್‌ಮನ್ ಪೂಜೆ ಅಂದುಕೊಂಡು ಚಪ್ಪಲಿ ಬಿಟ್ಟು ನಿಂತ. ನೂಲಿಗೂ ಎಡ ಚಕ್ರದ ಮುಂದಿನ ಅಂಚಿಗೂ ನಡುವೆ ಒಂದು ಬೆರಳು ಹೋಗುವಷ್ಟು ಸಂದು ಕಂಡಿತು.

"ಇಷ್ಟು ಗೊತ್ತಿದ್ದವರು ನೀವೇ ಸರಿ ಮಾಡಬಹುದಲ್ಲ?" ಎಂದು ಕೇಳಿದೆ.

"ನನ್ನ ಟ್ಯಾಕ್ಸಿಯಾದ್ರೆ ಮಾಡ್ತಿದ್ದೆ. ಅಂದಾಜಿನ ಮೇಲೆ ಇವಳನ್ನು ಕರ್ಕೊಂಡು ಹೋಗ್ಲಿಕ್ಕೆ ಆಗ್ತದಾ?" ಎಂದರು. ಅವರ ಧ್ವನಿ ಏರಿರಲಿಲ್ಲ. ನೂಲನ್ನು ಮತ್ತೆ ಉಂಡೆ ಸುತ್ತುತ್ತಿದ್ದರು.

ಶನಿವಾರ ಟೈರಿನ ಅಂಗಡಿ ಮುಚ್ಚುವ ಹೊತ್ತಾಗಿತ್ತು. ಭಾನುವಾರ ರಜೆ. ಸೋಮವಾರ ಅವನು ಬಾಗಿಲು ತೆಗೆಯುವುದೇ ಹತ್ತು ಗಂಟೆಗೆ. ಆ ಹೊತ್ತಿಗೆ ಇವರು ಮನೆ ಬಿಟ್ಟಿರಬೇಕು. ಗಾಡಿ ಓಡುವ ಸ್ಥಿತಿಯಲ್ಲಿದ್ದರೂ ಭಾವ ಜಪ್ಪಯ್ಯ ಅನ್ನಲಿಲ್ಲ. ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದ ಮನುಷ್ಯ, ಹೆಂಡತಿಯನ್ನು ಬೇರೆಯವರ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಲು ತಯಾರಾದರು. ನನ್ನಿಂದಾದ ತೊಂದರೆಯಾದ್ದರಿಂದ ನಾನೂ ಅಂಗಡಿ ಬಿಟ್ಟು ಜೊತೆಗೆ ಹೊರಟೆ.

ಭಾವ ಡ್ರೈವರನ ಪಕ್ಕ ಕುಳಿತರು. ಹಿಂದೆ ಅಕ್ಕನ ಪಕ್ಕ ನಾನು. ಭಾವ ಒಂದೂವರೆ ಗಂಟೆ ಆ ಡ್ರೈವರನ ಪಾದಗಳನ್ನೇ ನೋಡಿದರು. ಅವನು ಬ್ರೇಕ್ ಹಾಕುವ ಮೊದಲೇ ಇವರ ಕಾಲು ನೆಲವನ್ನು ಒತ್ತುತ್ತಿತ್ತು. ಅಂಧೇರಿಯ ಹತ್ತಿರ ಅವನಿಗೆ ತಡೆಯಲಾಗಲಿಲ್ಲ. "ಅಂಕಲ್, ನೀವೇ ಓಡಿಸ್ತೀರಾ? ನಾನು ಹಿಂದೆ ಕೂತು ಚಹಾ ಕುಡೀತೇನೆ" ಎಂದ. ಇನ್ನೊಂದು ದಿನವಾಗಿದ್ದರೆ ಅಕ್ಕ ಇದಕ್ಕೆ ನಗುತ್ತಿದ್ದಳು. ಅವಳು ಕಿಟಕಿಯ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡಿದ್ದಳು. ಬಾಂದ್ರಾದಲ್ಲಿ ಒಮ್ಮೆ, ಮಾಹಿಮ್‌ನಲ್ಲಿ ಒಮ್ಮೆ ಗಾಡಿ ನಿಲ್ಲಿಸಬೇಕಾಯಿತು. ಎರಡು ಸಲವೂ ವಾಂತಿಯಾಯಿತು. ನಾನು ನಿಂಬೆಹಣ್ಣು ಮೂಸುವುದು, ದೂರ ನೋಡುವುದು, ಬೆಳಿಗ್ಗೆ ಏನು ತಿನ್ನಬೇಕು ಎಂಬುದು, ಹೀಗೆ ನನಗೆ ತಿಳಿದ ಎಲ್ಲ ಸಲಹೆಗಳನ್ನೂ ಕೊಡುತ್ತ ಹೋದೆ.

ಆಸ್ಪತ್ರೆಯ ಗೇಟಿನಲ್ಲಿ ಅಕ್ಕ ಇಳಿಯಲಿಲ್ಲ.

"ಇವತ್ತು ಬೇಡ" ಎಂದಳು. "ಸಾಕು ನಂಗೆ."

"ಅರ್ಧ ಮುಗೀತಲ್ಲ ಅಕ್ಕ. ಈಗ ಬಿಟ್ರೆ ಆದದ್ದೂ ದಂಡ. ಇನ್ನು ಮೂರೇ ವಾರ, ಅದರಲ್ಲಿ ಶನಿವಾರ ಭಾನುವಾರ ತೆಗೆದ್ರೆ..."

"ನಾನು ನಿನ್ನ ಅಂಗಡಿಯ ಪಾತ್ರೆ ಅಲ್ಲ. ಸುಮ್ಮನಿರು."

ಹಿಂದಿನ ಗಾಡಿಯವರು ಹಾರನ್ ಹೊಡೆಯುತ್ತಿದ್ದರು. ಭಾವ ಇಳಿದು, ಈಚೆ ಬದಿಗೆ ಬಂದು, ಬಾಗಿಲು ತೆಗೆದು ನಿಂತರು. ಆಮೇಲೆ, "ನಾಳೆ ನಮ್ಮ ಗಾಡಿ ಇರ್ತದೆ. ಇವತ್ತೊಂದು ದಿನ" ಎಂದರು.

ಅಕ್ಕ ಅವರ ಮುಖ ನೋಡಿದಳು. ಇಳಿದಳು. ಇದು ಎಂಥ ಸಮಾಧಾನ ಎಂದು ನನಗೆ ಅರ್ಥವಾಗಲಿಲ್ಲ. ಸಾವು ಬದುಕಿನ ವಿಷಯಕ್ಕೂ ಗಾಡಿಯೇ ಉತ್ತರವೇ? ಸಿಟ್ಟೇ ಬಂತು.

ಅಂದು ಸಂಜೆ ಟೈರಿನ ಅಂಗಡಿಗೆ ನಾವಿಬ್ಬರೂ ಹೋದೆವು. ನಾಲ್ಕೂ ಚಕ್ರಗಳಿಗೆ ಏನೇನೋ ಕಚ್ಚಿಸಿ, ಕಂಪ್ಯೂಟರಿನ ಪರದೆ ಹಚ್ಚಿದರು. ಮುಂದಿನ ಚಕ್ರಗಳ ಅಂಕಿಗಳು ಕೆಂಪಾಗಿದ್ದವು. ನೂಲು ತೋರಿಸಿದ್ದನ್ನೇ ಅದೂ ತೋರಿಸಿತು. ಅಂಗಡಿಯವನು ಅಡಿಯಲ್ಲಿ ಅದೇನೋ ತಿರುಗಿಸಿದ ಹಾಗೆ ಅಂಕಿಗಳು ಒಂದೊಂದಾಗಿ ಹಸಿರಾದವು. ಭಾವ ಒಂದು ಸುತ್ತು ಹೋಗಿ ಬಂದು, ಸ್ಟೇರಿಂಗಿನ ನಡುವಿನ ಗುರುತು ಒಂದು ಚೂರು ವಾಲಿದೆ ಎಂದರು. ಮತ್ತೆ ಮಾಡಿದ. ಮತ್ತೆ ಹೋಗಿ ಬಂದು ಇನ್ನೂ ಅರ್ಧ ಚೂರು ಎಂದರು. ಮೂರನೆಯ ಸಲ ಅವನು ಸ್ಪಾನರ್ ಕೆಳಗಿಟ್ಟು, "ಅಂಕಲ್, ಇದು ಗಾಡಿ, ಗಡಿಯಾರ ಅಲ್ಲ" ಎಂದ.

"ಗಡಿಯಾರ ತಪ್ಪಿದ್ರೆ ಇನ್ನೊಬ್ಬರನ್ನು ಕೇಳಿ ಸರಿ ಮಾಡ್ಕೊಳ್ಬಹುದು. ಇದು ಹಾಗಲ್ಲ. ಮಾಡು" ಎಂದರು ಭಾವ.

ಮಾಡಿದ. ನಾನು ಅವನ ಬಿಲ್ಲಿನ ಯಾವ ಸಾಲನ್ನೂ ಮುಟ್ಟಲಿಲ್ಲ. ನನ್ನನ್ನು ಬಲ್ಲವರಿಗೆ ಇದು ಎಂಥ ಮಾತು ಎಂದು ಗೊತ್ತು.

ನೀವು ಕೇಳುವ ಮೊದಲೇ ಹೇಳುತ್ತೇನೆ. ಮುಂದಿನ ಚಕ್ರಗಳ ಸಸ್ಪೆನ್ಷನ್ ಕೆಲಸ ಮಾಡಿಸಿದ ಮೇಲೆ ಅಲೈನ್‌ಮೆಂಟ್ ಬೇಕೇ ಬೇಕೇ? ಏನನ್ನು ಬಿಚ್ಚಿದ್ದಾರೆ ನೋಡಿ. ಚಕ್ರವನ್ನು ಹಿಡಿದಿರುವ ತೋಳು, ಶಾಕಪ್, ಸ್ಟೇರಿಂಗಿನ ರಾಡು, ಇವುಗಳಲ್ಲಿ ಒಂದನ್ನು ಬಿಚ್ಚಿದ್ದರೂ ಬೇಕು. ಗಾಡಿ ವಾಲದಂತೆ ತಡೆಯುವ ಅಡ್ಡಪಟ್ಟಿಯ ರಬ್ಬರು ಗಿಬ್ಬರು ಮಾತ್ರ ಹಾಕಿದ್ದರೆ ಸಾಮಾನ್ಯವಾಗಿ ಬೇಡ. ಗಾಡಿ ಒಂದು ಕಡೆ ಎಳೆದರೆ ಮೊದಲು ಟೈರಿನ ಗಾಳಿ ನೋಡಿ, ಅದು ಪುಕ್ಕಟೆ. ಗಾಳಿ ಸರಿಯಿದ್ದೂ ಎಳೆದರೆ, ನೇರ ಹೋಗುವಾಗ ಸ್ಟೇರಿಂಗ್ ಓರೆಯಾಗಿದ್ದರೆ, ಮರುಮಾತಿಲ್ಲದೆ ಮಾಡಿಸಿ. ಇಲ್ಲವಾದರೆ ಉಳಿಸಿದ್ದನ್ನು ಟೈರು ತಿನ್ನುತ್ತದೆ. ವ್ಯವಹಾರದ ದೃಷ್ಟಿಯಿಂದ ಇದಿಷ್ಟೇ ಕಾರಣ, ಬೇರೆ ಕಾರಣ ಇರಲಾರದು ಎಂದು ಆ ಸಂಜೆ ನಾನು ನಂಬಿದ್ದೆ.

ಮಂಗಳವಾರ ಬೆಳಿಗ್ಗೆಯೂ ನಾನು ಬೊರಿವಲಿಗೆ ಹೋದೆ. ಹಿಂದಿನ ದಿನದ ಹಾಗೆ ಅಕ್ಕ ಗೇಟಿನಲ್ಲಿ ಹಟ ಹಿಡಿದರೆ ಇನ್ನೊಬ್ಬರು ಇರಲಿ ಎಂದು. ಹೇಳಬೇಕಾದ ಮಾತುಗಳನ್ನು ಲೋಕಲ್‌ನಲ್ಲಿ ನಿಂತೇ ತಯಾರು ಮಾಡಿಕೊಂಡಿದ್ದೆ. ನನ್ನನ್ನು ನೋಡಿ ಭಾವನವರ ಮುಖ ಅಷ್ಟೇನೂ ಅರಳಲಿಲ್ಲ. "ಅಂಗಡಿ ಇಲ್ವಾ ನಿಂಗೆ?" ಎಂದರು. ಅಕ್ಕ ಮುಂದಿನ ಸೀಟಿನಲ್ಲಿ ಕುಳಿತಳು. ಅವಳ ಮುಖ ಬಿಳುಚಿಕೊಂಡಿತ್ತು. ನಾನು ಹಿಂದೆ ಕುಳಿತೆ.

ಬೊರಿವಲಿಯ ಗಲ್ಲಿಗಳನ್ನು ದಾಟಿ ಹೈವೇಗೆ ಬಂದೆವು. ಭಾವ ಕನ್ನಡಿಯಲ್ಲಿ ನನ್ನನ್ನು ಎರಡು ಸಲ ನೋಡಿದರು. ನಾನು ಫೋನು ತೆಗೆದು ಅಂಗಡಿಯ ಮೆಸೇಜುಗಳನ್ನು ಓದತೊಡಗಿದೆ. ಕಾಂದಿವಲಿ ದಾಟಿರಬೇಕು, ತಲೆಯೆತ್ತಿದೆ.

ಅಕ್ಕನ ಬಲಗೈ ಗೇರಿನ ಗುಂಡಿಯ ಮೇಲಿತ್ತು. ಅದರ ಮೇಲೆ ಭಾವನವರ ಎಡಗೈ ಇತ್ತು. ಸ್ಟೇರಿಂಗನ್ನು ಬಲಗೈಯೊಂದೇ, ಎರಡು ಬೆರಳು ತಾಗಿಸಿದ ಹಾಗೆ, ಹಿಡಿದಿತ್ತು. ಗಾಡಿ ದಾರದ ಮೇಲೆ ಹೋಗುವಂತೆ ನೇರ ಹೋಗುತ್ತಿತ್ತು. ಎಡಕ್ಕೆ ಎಳೆಯುವ ಗಾಡಿಯಾಗಿದ್ದರೆ ಎರಡು ಕೈಗೂ ಸ್ಟೇರಿಂಗಿನಲ್ಲೇ ಕೆಲಸವಿರುತ್ತಿತ್ತು. ನಾನಿಲ್ಲದ ಆ ಎರಡು ವಾರ ಅವರು ಹೀಗೆಯೇ ಹೋಗುತ್ತಿದ್ದರು ಎಂಬುದಕ್ಕೆ ಯಾರ ಸಾಕ್ಷಿಯೂ ಬೇಕಾಗಿರಲಿಲ್ಲ; ಅಕ್ಕ ಕಣ್ಣು ತೆರೆದು ರಸ್ತೆ ನೋಡುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ನೋಡಿದವನಲ್ಲ. ನಿನ್ನೆ ಆ ಟ್ಯಾಕ್ಸಿಯಲ್ಲಿ ಅವಳ ಪಕ್ಕದ ಜಾಗದಲ್ಲಿ ನಾನು ಹೋಗಿ ಕುಳಿತುಬಿಟ್ಟಿದ್ದೆ.

ಗಾಡಿ ಓಡಿಸುವಾಗ ಎರಡೂ ಕೈ ಸ್ಟೇರಿಂಗಿನ ಮೇಲಿರಬೇಕು ಎಂಬ ಸಲಹೆಯನ್ನು ನಾನು ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ. ಅಂದು ಕಿಟಕಿಯ ಹೊರಗೆ ನೋಡಿದೆ.

ಗೋರೆಗಾಂವ್‌ನಲ್ಲಿ ಮುಂದೆ ವಾಹನಗಳು ನಿಂತಿದ್ದವು. ಗೇರ್ ಇಳಿಸಬೇಕಾಯಿತು. ಇಬ್ಬರೂ ಸೇರಿ ಇಳಿಸಿದರು.